ಬಂಡೆಮ್ಮನ ಒಡಪು

"ಬಾಳಿಹಣ್ಣು," ಎಂದಳು ಬಂಡೆಮ್ಮ. ಕಣ್ಣೆದುರಿನ ಪರದೆಯಲ್ಲಿ ಚಿತ್ರ ಬದಲಾಯಿತು. "ಬುಟ್ಟಿ." ಮತ್ತೆ ಬದಲಾಯಿತು. "ಸಲಿಕಿ."

ಅವಳ ತಲೆಬುರುಡೆಯ ಎಡಭಾಗ ತೆರೆದಿತ್ತು. ಹಿಂದೆ ನಿಂತ ಡಾಕ್ಟರ್ ರಾಮಕೃಷ್ಣ ಸಣ್ಣದೊಂದು ಕಡ್ಡಿಯಿಂದ ಮಿದುಳನ್ನು ಅಲ್ಲಲ್ಲಿ ಮುಟ್ಟುತ್ತಿದ್ದರು. ಕಡ್ಡಿಯ ತುದಿಯಲ್ಲಿ ಹಗುರಾದ ಕರೆಂಟು. ಮುಟ್ಟಿದಾಗ ಮಾತು ನಿಂತರೆ ಅದು ಮಾತಿನ ಜಾಗ, ಅಲ್ಲಿ ಕತ್ತರಿ ಹಾಕುವಂತಿಲ್ಲ. ಮಾತು ನಡೆದಿದ್ದರೆ ಗಡ್ಡೆ ತೆಗೆಯಬಹುದು. ಅದಕ್ಕೇ ಆಪರೇಷನ್ನಿನ ನಡುವೆ ಅವಳನ್ನು ಎಚ್ಚರಿಸಿದ್ದರು. ಮಿದುಳಿಗೆ ನೋವು ತಿಳಿಯುವುದಿಲ್ಲ ಎಂದು ಅವರು ಮೊದಲೇ ಧೈರ್ಯ ಹೇಳಿದಾಗ, "ಮತ್ತ ಇಷ್ಟು ದಿನ ತಲಿನೋವು ಯಾರಿಗೆ ಬಂದಿತ್ರಿ?" ಎಂದು ಬಂಡೆಮ್ಮ ಅವರ ಬಾಯನ್ನೇ ಮುಚ್ಚಿಸಿದ್ದಳು.

ಅವಳ ಬಾಯಿಯೇ ಅಂಥದು. ಯಾದಗಿರಿ ಕಡೆಯಿಂದ ಬಂದು ಪಟಾನ್‌ಚೆರುವಿನ ಕಟ್ಟಡಗಳಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾದವಳು. ನೆಲದಲ್ಲಿ ನಿಂತು ಕೂಗಿದರೆ ಐದನೇ ಅಂತಸ್ತಿನಲ್ಲಿ ಕೂತು ಬೀಡಿ ಸೇದುವವರು ಎದ್ದು ನಿಲ್ಲುತ್ತಿದ್ದರು. ಹೊರಗೆ ತೆಲುಗು, ಮನೆಯಲ್ಲಿ ಕನ್ನಡ. ಒಂದು ಭಾಷೆ ಉಳಿದು ಇನ್ನೊಂದು ಹೋಗುವುದೂ ಉಂಟೆಂದು ಈಗೀಗ ಡಾಕ್ಟರುಗಳು ಮನೆಮಾತಿನಲ್ಲೂ ಪರೀಕ್ಷೆ ಮಾಡುತ್ತಾರೆ. ಹಾಗಾಗಿ ನಗರದ ಇನ್ನೊಂದು ತುದಿಯ ಮಲ್ಕಾಜ್‌ಗಿರಿಯಿಂದ ಕನ್ನಡ ಬಲ್ಲ ಮಾತಿನ ತಜ್ಞೆ ಹರ್ಷದಾ ಬಂದಿದ್ದಳು. "ಹೆಸರಷ್ಟೇ ಹೇಳ್ರಿ ಅಕ್ಕಾ, ಬ್ಯಾರೆ ಏನೂ ಮಾತಾಡಬ್ಯಾಡ್ರಿ," ಎಂದು ತಾಕೀತು ಮಾಡಿದ್ದಳು. ಹಿಂದಿನ ದಿನ ಅಭ್ಯಾಸದಲ್ಲಿ ಗಂಡನ ಫೋಟೊ ಬಂದಾಗ, ಪಕ್ಕದಲ್ಲಿದ್ದ ಗಂಡನೇ "ಅಮರಯ್ಯರೀ, ನಾನ," ಎಂದುಬಿಟ್ಟಿದ್ದ. ಹರ್ಷದಾ ನಕ್ಕು ಮುಂದಿನ ಚಿತ್ರಕ್ಕೆ ಹೋಗಿದ್ದಳು.

ಈಗ ಡಾಕ್ಟರು ಹೊಸದೊಂದು ಜಾಗ ಮುಟ್ಟಿದಾಗ ಅದೇ ಫೋಟೊ ಬಂತು. ಬಂಡೆಮ್ಮ ಬಾಯಿ ತೆರೆದಳು, ಮುಚ್ಚಿದಳು. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದೆಂದು ಅವ್ವ ಹೇಳಿದ್ದು ಎದೆಯಲ್ಲಿ ಕೂತಿತ್ತು. ಊರಿಗೆಲ್ಲ ಬಯ್ಯುವ ಹೆಂಗಸು ಆ ಒಂದು ಹೆಸರನ್ನು ಮಾತ್ರ ಮುಟ್ಟಿದವಳಲ್ಲ.

"ಹೆಸರು ಹೇಳ್ರಿ ಅಕ್ಕಾ."

ಮಾತಿಲ್ಲ. ಡಾಕ್ಟರು ಅದೇ ಜಾಗವನ್ನು ಮತ್ತೆ ಮುಟ್ಟಿದರು. ಆಗಲೂ ಮಾತಿಲ್ಲ.

"ಮಾತು ನಿಂತಿತು ಸರ್," ಹರ್ಷದಾಳ ದನಿ ಇಳಿದುಹೋಯಿತು.

"ಇಕ್ಕಡ ಆಪೇದ್ದಾಂ," ಎಂದರು ರಾಮಕೃಷ್ಣ.

ಇಲ್ಲಿಗೇ ನಿಲ್ಲಿಸೋಣ ಎಂಬಷ್ಟು ತೆಲುಗು ಬಂಡೆಮ್ಮನಿಗೆ ಬಾರದೇ ಇರುತ್ತದೆಯೇ? ಗಡ್ಡೆಯ ಚೂರು ಉಳಿದರೆ ಅದು ಮತ್ತೆ ಬೆಳೆಯುತ್ತದೆಂದು ಮೊದಲೇ ತಿಳಿಸಿದ್ದರು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಿಲ್ಲಸಬ್ಯಾಡ್ರೀ ಸಾರ್! ಬಾಯಿ ಬಂದ್ ಆಗಿಲ್ಲ! ಗಂಡನ ಹೆಸರು ಹೆಂಗ ಹೇಳಬೇಕು ಅಂತ ಸುಮ್ಮನಿದ್ದೆ!"

ಹರ್ಷದಾ ನಾಲಗೆ ಕಚ್ಚಿಕೊಂಡು ಡಾಕ್ಟರಿಗೆ ತೆಲುಗಿನಲ್ಲಿ ವಿಷಯ ತಿಳಿಸಿದಳು. ಮುಖಗವಸಿನೊಳಗೇ ನಕ್ಕ ಡಾಕ್ಟರು ಫೋಟೊ ಬದಲಿಸಲು ಹೇಳಿದರು.

"ಬ್ಯಾಡ, ಅದನ್ನ ಇಡ್ರಿ," ಎಂದಳು ಬಂಡೆಮ್ಮ. "ಕರೆಂಟ್ ಹಚ್ರಿ. ಒಡಪು ಹಾಕಿ ಹೇಳ್ತೀನಿ."

ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರನ್ನು ಎರಡು ಸಾಲಿನಲ್ಲಿ ಪ್ರಾಸಕಟ್ಟಿ ಹೇಳಿಸದೆ ಮದುಮಗಳನ್ನು ಒಳಗೆ ಬಿಡುವುದಿಲ್ಲ. ಹಾಗೆ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಡಾಕ್ಟರು ಕಡ್ಡಿ ಮುಟ್ಟಿಸಿದರು. ಬಂಡೆಮ್ಮ ತಡವರಿಸದೆ ಶುರು ಮಾಡಿದಳು:

"ಪಟಾನ್‌ಚೆರು ಬಸ್ಸಿನ್ಯಾಗ ಹಿಡದಿಟ್ಟೀನಿ ಸೀಟು,
ಅಮರಯ್ಯನವರ ಕೂಡ ಇನ್ನೂ ಭಾಳ ಐತಿ ರೂಟು!"

ಹರ್ಷದಾಳ ಕಣ್ಣು ತುಂಬಿ ಬಂತು. ಡಾಕ್ಟರು ಅದೇ ಜಾಗವನ್ನು ಮತ್ತೆ ಮತ್ತೆ ಮುಟ್ಟಿದರು, ಬಂಡೆಮ್ಮ ಮತ್ತೆ ಮತ್ತೆ ಹೇಳಿದಳು. ಹೇಳುತ್ತ ಹೋದಂತೆ ಅವಳಿಗೆ ರುಚಿ ಹತ್ತಿತು. ಅವಳು ಮಾತಾಡುತ್ತಲೇ ಇದ್ದಳು, ಅವರು ಗಡ್ಡೆ ಬಿಡಿಸುತ್ತಲೇ ಹೋದರು. ಕೆಲವು ವರ್ಷಗಳ ಹಿಂದೆ ಡಾಕ್ಟರುಗಳು ಮುಟ್ಟಲೂ ಹೆದರುತ್ತಿದ್ದ ಜಾಗದಿಂದ ಕಣ್ಣಿಗೆ ಕಂಡ ಕೊನೆಯ ಚೂರೂ ಹೊರಗೆ ಬಂದಾಗ, ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಸಂಜೆ ಅಮರಯ್ಯನನ್ನು ಒಳಗೆ ಬಿಟ್ಟರು. ಆಸ್ಪತ್ರೆಗೆಲ್ಲ ಸುದ್ದಿ ಹಬ್ಬಿತ್ತು. ನಾಚಿಕೆಗೋ ಸಂತೋಷಕ್ಕೋ ಅವನಿಗೆ ನೆಟ್ಟಗೆ ನೋಡಲೂ ಆಗಲಿಲ್ಲ.

"ಎಲ್ಲಾರ ಮುಂದ ಹೆಸರು ಹೇಳಿದಿಯಂತಲ್ಲ."

"ಹೇಳೀನಿ. ಈಗ ನಿಮ್ಮ ಪಾಳಿ," ಎಂದಳು ಬಂಡೆಮ್ಮ.

ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ ಸ್ಟೂಲು ಎಳೆದುಕೊಂಡು ಕೂತ. ಬಂಡೆಮ್ಮ ಕಣ್ಣು ಮುಚ್ಚಿ ಕಾದಳು. ಅವಳ ಕೈ ಹಿಡಿದುಕೊಂಡು, ತುಟಿಯಲ್ಲೇ ಏನೋ ಜೋಡಿಸುತ್ತ, ಅಳಿಸುತ್ತ, ಅಮರಯ್ಯ ಬಂಡೆಮ್ಮ ಎಂಬ ಹೆಸರಿಗೊಂದು ಪ್ರಾಸ ಹುಡುಕುತ್ತಿದ್ದ.