ತೆಗೆದಿಟ್ಟ ಪಾಲು

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹನ್ನೆರಡು ದಿನ ಎಲ್ಡನ್ ಏನನ್ನೂ ಸರಿಯಾಗಿ ತಿನ್ನಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತವನು, "ಥೋರಾ, ಒಂದು ಆಸೆ ಆಗ್ತಿದೆ ಕಣೇ," ಎಂದ.

ಹೆಂಡತಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಓಡಿ ಬಂದಳು. "ಹೇಳು, ಹೇಳು. ಏನು ಬೇಕು?"

"ನೆಡ್ರಾ ಮಾಡೋ ಆಲೂಗಡ್ಡೆ. ಜಾಸ್ತಿ ಬೇಡ. ಒಂದು ನಾಲ್ಕು ಚಮಚ ಸಾಕು."

ಥೋರಾ ನಿಂತಲ್ಲೇ ನಿಂತಳು. ಹೊಟ್ಟೆಯ ಆಪರೇಷನ್ ಆದ ಮೇಲೆ ಗಂಡನ ಬಾಯಿಂದ ಬಂದ ಮೊದಲ ಆಸೆ ಅದು. ಬರುವ ಮಂಗಳವಾರದ ಹೊತ್ತಿಗೆ ತೂಕ ಏರದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ಕೊಳವೆ ಇಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಕೇಳಿದ ದಿನದಿಂದ ಅವಳು ಮೂರು ಹೊತ್ತೂ ಮೊಣಕಾಲೂರಿ, ಇವನ ಬಾಯಿಗೆ ರುಚಿ ಕೊಡು ತಂದೆಯೇ ಎಂದು ಬೇಡಿಕೊಂಡಿದ್ದಳು. ತಂದೆ ಕೊಟ್ಟ, ಆದರೆ ಎಂಥ ರುಚಿ ಕೊಟ್ಟ!

"ಆಲೂಗಡ್ಡೆ ತಾನೆ? ನಾನೇ ಮಾಡ್ತೀನಿ," ಎಂದಳು.

"ನಿಂದೂ ಚೆನ್ನಾಗಿರತ್ತೆ," ಎಂದ ಎಲ್ಡನ್. ಆ ಒಂದು 'ಊ'ಕಾರ ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತಿತು.

ಮೇಡೋ ಫೋರ್ಕ್ ಎಂಬ ಆ ಯೂಟಾದ ಊರಿನಲ್ಲಿ ಯಾರು ಸತ್ತರೂ ಚರ್ಚಿನ ಸೋದರಿಯರ ಸಂಘದವರು ಊಟ ಹಾಕುತ್ತಾರೆ. ಹಂದಿ ತೊಡೆ, ಬನ್ನು, ಕ್ಯಾರೆಟ್ ತುರಿದು ಹಾಕಿದ ಹಸಿರು ಜೆಲ್ಲಿ, ಜೊತೆಗೆ ಆಲೂಗಡ್ಡೆ. ತುರಿದ ಆಲೂಗಡ್ಡೆಗೆ ಡಬ್ಬಿಯ ಕೋಳಿ ಸೂಪು, ಹುಳಿಗೆನೆ ಎಂಬ ಹುಳಿ ಬರಿಸಿದ ಹಾಲಿನ ಕೆನೆ, ಕೈತುಂಬ ಚೀಸ್ ಬೆರೆಸಿ, ಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ್ದು. ಸಾವಿನೂಟದ ಆಲೂಗಡ್ಡೆ ಎಂದೇ ಅದರ ಹೆಸರು. ಐದಾರು ಮನೆಗಳಿಂದ ಐದಾರು ಟ್ರೇ ಬರುತ್ತವೆ. ಪಾತ್ರೆ ಅದಲುಬದಲಾಗದಿರಲೆಂದು ಬೆನ್ನಿಗೊಂದು ಅಂಟುಪಟ್ಟಿ, ಅದರ ಮೇಲೆ ಯಜಮಾನಿಯ ಹೆಸರು. ಯಾರ ಟ್ರೇ ಮೊದಲು ಖಾಲಿಯಾಯಿತು ಎಂದು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ. ಆದರೆ ಕಣ್ಣು ನೋಡದೆ ಇರುವುದಿಲ್ಲ.

ಮೊದಲು ಖಾಲಿಯಾಗುತ್ತಿದ್ದದ್ದು ಥೋರಾಳದು. ಇಂದಲ್ಲ ನಿನ್ನೆಯಲ್ಲ, ನಲವತ್ತು ವರ್ಷಗಳಿಂದ. ಅವಳೇ ಬಡಿಸುವ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತ ಬಂದವರು ಕೂಡ, "ಥೋರಾ, ಇದು ನಿಂದೇ ತಾನೆ?" ಎಂದು ಕೇಳಿ ಬಡಿಸಿಕೊಳ್ಳುತ್ತಿದ್ದರು. ಊರೆಲ್ಲ ಮೆಚ್ಚಿತ್ತು. ಮನೆಯವನೊಬ್ಬ ಮಾತ್ರ ಮೆಚ್ಚಿರಲಿಲ್ಲ.

ಅದು ಅವಳಿಗೆ ಗೊತ್ತಾದದ್ದು ಮೂವತ್ತೊಂದು ವರ್ಷದ ಹಿಂದೆ. ಎಲ್ಡನ್ ಊರ ಸ್ಮಶಾನದ ಕೆಲಸದವನು. ಗುಂಡಿ ತೋಡುವವನೂ ಅವನೇ, ಮುಚ್ಚುವವನೂ ಅವನೇ. ಅವತ್ತು ಮುದುಕ ಬಿಷಪ್ಪರ ಸಾವಿನೂಟ. ಖಾಲಿ ಟ್ರೇ ಹಿಡಿದು ಚರ್ಚಿನ ಅಡುಗೆಮನೆಗೆ ಹೋದ ಥೋರಾ ಬಾಗಿಲಲ್ಲೇ ನಿಂತಳು. ಹಿತ್ತಲ ಬಾಗಿಲ ಬಳಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಬೂಟಿಗೆಲ್ಲ ಮಣ್ಣು ಮೆತ್ತಿಕೊಂಡು ಎಲ್ಡನ್ ಕೂತಿದ್ದ. ತೊಡೆಯ ಮೇಲೆ ಒಂದು ಪುಟ್ಟ ಗಾಜಿನ ಪಾತ್ರೆ. ಅದನ್ನೆತ್ತಿ ತಳ ಗೀರುತ್ತಿದ್ದ. ಪಾತ್ರೆಯ ಬೆನ್ನಿನಲ್ಲಿ ನೆಡ್ರಾ ಎಂಬ ಹೆಸರು ಕಂಡಿತು. ಪಕ್ಕದಲ್ಲಿ, ಸಂಘದ ಪಾತ್ರೆ ತೊಳೆಯುತ್ತಿದ್ದ ಸ್ವತಃ ನೆಡ್ರಾ, ಕೈ ಒರೆಸಿಕೊಳ್ಳುತ್ತ ನಗುತ್ತಿದ್ದಳು.

"ಇಂಥದ್ದು ನಾನೆಲ್ಲೂ ತಿಂದಿಲ್ಲ ನೆಡ್ರಾ," ಎನ್ನುತ್ತಿದ್ದ ಅವಳ ಗಂಡ.

ಥೋರಾ ಸದ್ದಿಲ್ಲದೆ ಹಿಂದಿರುಗಿದಳು. ಮದುವೆಗೆ ಮುಂಚೆ ಎಲ್ಡನ್ ಒಂದೇ ಒಂದು ಸಲ ನೆಡ್ರಾಳನ್ನು ಸುಗ್ಗಿಯ ಕುಣಿತಕ್ಕೆ ಕರೆದುಕೊಂಡು ಹೋಗಿದ್ದನೆಂಬುದು ಅವಳಿಗೆ ಗೊತ್ತಿತ್ತು. ಅವತ್ತಿನವರೆಗೆ ಅದು ಬರಿಯ ಸುದ್ದಿಯಾಗಿತ್ತು, ಅವತ್ತಿನಿಂದ ಕೆಂಡವಾಯಿತು. ಗಂಡನನ್ನು ಕೇಳಲಿಲ್ಲ, ನೆಡ್ರಾಳನ್ನೂ ಕೇಳಲಿಲ್ಲ. ನೆಡ್ರಾ ತಂದ ಯಾವ ಅಡುಗೆಯನ್ನೂ ಮುಟ್ಟಲಿಲ್ಲ. ಪ್ರಾರ್ಥನೆಯಲ್ಲಿ ಊರವರ ಹೆಸರನ್ನೆಲ್ಲ ಒಂದೊಂದಾಗಿ ಹೇಳುವವಳು ಆ ಒಂದು ಹೆಸರು ಬಂದಾಗ ಮಾತ್ರ "ಉಳಿದವರನ್ನೂ" ಎಂದು ಬಿಡುತ್ತಿದ್ದಳು.

ಈಗ ಆ ಉಳಿದವಳ ಆಲೂಗಡ್ಡೆ ಬೇಕಂತೆ, ಗಂಡನಿಗೆ.

ಮೊದಲ ದಿನವೇ ಥೋರಾ ತಪ್ಪಿದಳು. ಅರವತ್ತು ಜನಕ್ಕೆ ಮಾಡಿ ರೂಢಿಯಾದ ಕೈ, ಇಬ್ಬರಿಗೆ ಮಾಡುವ ಅಳತೆ ಅದಕ್ಕೆ ತಿಳಿಯದು. ಆಲೂಗಡ್ಡೆ ಎರಡೇ ತುರಿದಳು, ಆದರೆ ಸೂಪಿನ ಡಬ್ಬಿ ತೆರೆದ ಮೇಲೆ ಕೈ ತಡೆಯಲಿಲ್ಲ, ಪೂರ್ತಿ ಬಗ್ಗಿಸಿತು. ಓವನ್ನಿನಿಂದ ತೆಗೆದರೆ ಆಲೂಗಡ್ಡೆ ಈಜಾಡುತ್ತಿತ್ತು.

ಎಲ್ಡನ್ ಒಂದು ಚಮಚ ಬಾಯಿಗಿಟ್ಟು, "ಗಂಜಿ ಚೆನ್ನಾಗಿದೆ," ಎಂದ.

"ಗಂಜಿಯಲ್ಲ ಕಣೋ, ಅದೇ!"

"ಓ. ಹಾಗಾದ್ರೆ ಅದಲ್ಲ."

ಎರಡನೆಯ ದಿನ ಅಳತೆ ಕಂಡುಕೊಂಡಳು. ತುರಿದ ಆಲೂಗಡ್ಡೆ ಎರಡು ಲೋಟ, ಸೂಪು ನಾಲ್ಕೇ ಚಮಚ, ಹುಳಿಗೆನೆ ಎರಡು ಚಮಚ, ಚೀಸ್ ಒಂದು ಮುಷ್ಟಿ. ಕಾರ್ನ್‌ಫ್ಲೇಕ್ಸನ್ನು ಅಂಗೈಯಲ್ಲೇ ಪುಡಿ ಮಾಡಿದಳು. ಬ್ರೆಡ್ಡು ಬೇಯಿಸುವ ಉದ್ದನೆಯ ಅಚ್ಚಿನಲ್ಲಿ ಮುನ್ನೂರೈವತ್ತು ಫ್ಯಾರನ್‌ಹೀಟ್ ಬಿಸಿಗೆ ಅರ್ಧ ಗಂಟೆ ಇಟ್ಟಳು. ಹೊರಗೆ ಬಂದಾಗ ಅದು ಬೆಣ್ಣೆಯಂತೆ ಮೆತ್ತಗಿತ್ತು, ಚೀಸು ದಾರ ದಾರವಾಗಿ ಎಳೆಯುತ್ತಿತ್ತು. ಬಡಿಸುವ ಮೇಜಿನ ಮೇಲಿಟ್ಟರೆ ಜನ ಜಗಳವಾಡಬೇಕು, ಹಾಗಿತ್ತು.

ಎಲ್ಡನ್ ಮೂರು ಚಮಚ ತಿಂದ. "ನೋಡು, ಇದು ನಿಂದು. ನಿಂದೇ. ಕಣ್ಣುಮುಚ್ಚಿ ಹೇಳ್ತೀನಿ."

"ಅಂದ್ರೆ?"

"ಚೆನ್ನಾಗಿದೆ ಅಂತ."

"ಅವಳದಕ್ಕೆ ಏನು ಹಾಕ್ತಾಳೆ ಹೇಳು. ಈರುಳ್ಳಿನಾ? ಮೆಣಸಾ?"

"ನಂಗೇನು ಗೊತ್ತು ಮಾರಾಯ್ತಿ. ಅದು ಸ್ವಲ್ಪ ಗಟ್ಟಿ. ಅಗೀಬೇಕು. ತಿಂದ ಮೇಲೆ ಕೆಲಸಕ್ಕೆ ಬಲ ಬರ್ತಿತ್ತು." ಚಮಚ ಕೆಳಗಿಟ್ಟ. "ಬಿಡು, ನಂಗೆ ಹಸಿವಿಲ್ಲ."

ಅವನ ಮಣಿಕಟ್ಟು ನೋಡಿದಳು. ಗುದ್ದಲಿ ಹಿಡಿದ ಆ ಕೈಯಲ್ಲಿ ಗಡಿಯಾರ ಬಳೆಯಂತೆ ಜಾರಿ ಮೊಣಕೈ ಕಡೆ ಹೋಗುತ್ತಿತ್ತು. ಶನಿವಾರ ಮಧ್ಯಾಹ್ನವಾಗಿತ್ತು. ಮಂಗಳವಾರಕ್ಕೆ ಮೂರು ದಿನ. ಥೋರಾ ಕೋಟು ಹಾಕಿಕೊಂಡಳು.

ನೆಡ್ರಾಳ ಮನೆ ಎರಡು ಬೀದಿ ಆಚೆ. ಗಂಡ ಸತ್ತು ಹನ್ನೊಂದು ವರ್ಷ, ಒಬ್ಬಳೇ ಇದ್ದಳು. ಬಾಗಿಲು ತೆರೆದವಳು ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿದಳು.

"ಅಂತೂ ನನ್ನ ಬಾಗಿಲು ನಿನ್ನ ಕಣ್ಣಿಗೆ ಬಿತ್ತು! ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ."

"ಎಲ್ಡನ್ ಹೇಗಿದಾನೆ?"

ಆ ಹೆಸರು ಆ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದು ಥೋರಾಳಿಗೆ ಸಹಿಸಲಾಗಲಿಲ್ಲ. ಕೂರು ಎಂದರೂ ಕೂರಲಿಲ್ಲ. "ಊಟ ಸೇರ್ತಿಲ್ಲ. ನಿನ್ನ ಆಲೂಗಡ್ಡೆ ಬೇಕಂತೆ. ಹೇಗೆ ಮಾಡ್ತೀಯ ಹೇಳಿಬಿಡು, ಬರ್ಕೊಂಡು ಹೋಗ್ತೀನಿ." ಚೀಲದಿಂದ ಪೆನ್ಸಿಲ್ ತೆಗೆದಳು.

ನೆಡ್ರಾ ಆ ಪೆನ್ಸಿಲನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕುರ್ಚಿಯಲ್ಲಿ ಕುಸಿದಳು.

"ನನ್ನದಾ? ಅಯ್ಯೋ ನಿನ್ನ! ನನ್ನ ಟ್ರೇ ಯಾವತ್ತು ಖಾಲಿಯಾಗಿದೆ ಹೇಳು. ಅರ್ಧ ಮನೆಗೆ ತಂದು ಕೋಳಿಗೆ ಹಾಕ್ತಿದ್ದೆ, ಕೋಳಿಗಳೂ ತಿನ್ನೋಕೆ ಯೋಚನೆ ಮಾಡ್ತಿದ್ವು. ನಿನ್ನ ಟ್ರೇ ನೋಡಿ ನೋಡಿ ನಲವತ್ತು ವರ್ಷ ಹೊಟ್ಟೆ ಉರ್ಕೊಂಡಿದೀನಿ ಕಣೇ ನಾನು!"

"ಸುಳ್ಳು ಹೇಳ್ಬೇಡ. ನಾನು ಕಣ್ಣಾರೆ ನೋಡಿದೀನಿ. ಬಿಷಪ್ ಸತ್ತಾಗ. ಬಕೆಟ್ ಮೇಲೆ ಕೂತು ನಿನ್ನ ಪಾತ್ರೆ ನೆಕ್ತಿದ್ದ."

ನೆಡ್ರಾಳ ನಗು ನಿಂತಿತು. ಎದ್ದು ಕಪಾಟಿನಿಂದ ಒಂದು ಪುಟ್ಟ ಚೌಕದ ಗಾಜಿನ ಪಾತ್ರೆ ತಂದಳು. ಒಂದು ಮೂಲೆಯಲ್ಲಿ ಚಕ್ಕೆ ಎದ್ದಿತ್ತು. ಬೆನ್ನಿನ ಅಂಟುಪಟ್ಟಿ ಓವನ್ನಿನ ಬಿಸಿಗೆ ಕಂದಿ ಹೋಗಿತ್ತು, ಹೆಸರು ಮಾತ್ರ ಓದಲು ಬರುತ್ತಿತ್ತು.

"ಇದು ತಾನೆ?"

ಥೋರಾ ತಲೆಯಾಡಿಸಿದಳು.

"ಪಾತ್ರೆ ನಂದು. ಆಲೂಗಡ್ಡೆ ನನ್ನದಲ್ಲ. ನೆಂಟರೆಲ್ಲ ಕಾರು ಹತ್ತಿ ಊಟಕ್ಕೆ ಬಂದುಬಿಡ್ತಿದ್ರು. ಅವನು ಮಣ್ಣು ಮುಚ್ಚಿ, ಹುಲ್ಲು ಹಾಸಿ, ಹೂವು ಜೋಡ್ಸಿ ಬರೋ ಹೊತ್ತಿಗೆ ಎರಡು ಗಂಟೆ ಕಳೆದಿರ್ತಿತ್ತು. ಮೇಜಿನ ಮೇಲೆ ಜೆಲ್ಲಿ ಬಿಟ್ರೆ ಏನೂ ಇರ್ತಿರ್ಲಿಲ್ಲ. ಅದಕ್ಕೆ ಒಳಗೆ ಬಂದ ಟ್ರೇಗಳನ್ನ ತೊಳೆಯೋಕೆ ಮುಂಚೆ ಎಲ್ಲದರ ಮೂಲೆ ಗೀರಿ ಇದಕ್ಕೆ ಹಾಕಿ ಓವನ್ನಿನಲ್ಲಿ ಇಟ್ಟಿರ್ತಿದ್ದೆ. ನಿಂದೂ ಇರ್ತಿತ್ತು ಅದರಲ್ಲಿ, ಎರಡು ಚಮಚ. ಎರಡು ಗಂಟೆ ಒಳಗೇ ಕೂತು ಕೂತು ಒಣಗಿ ಚಕ್ಕೆ ಆಗಿರ್ತಿತ್ತು. ಪಾಪ, ಹಸಿದವನು, ಅದನ್ನೇ ಅಮೃತ ಅಂತಿದ್ದ."

ಥೋರಾಳ ಕೈಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಬರೆದುಕೊಳ್ಳಲು ಏನೂ ಇರಲಿಲ್ಲ.

"ನಂಗೆ ಒಂದು ಮಾತು ಹೇಳಬಾರದಿತ್ತಾ?" ಎಂದಳು.

"ಯಾವಾಗ ಹೇಳ್ಲಿ? ನೀನು ಮುಂದೆ ನಿಂತು ಹೊಗಳಿಕೆ ಬಡಿಸಿಕೊಳ್ತಾ ಇದ್ದೆ." ನೆಡ್ರಾ ಪಾತ್ರೆಯನ್ನು ಅವಳ ಕೈಗಿಟ್ಟಳು. "ತಗೊಂಡು ಹೋಗು. ನಂಗೊಬ್ಬಳಿಗೆ ಇದು ದೊಡ್ಡದೇ ಆಗತ್ತೆ."

ದಾರಿಯುದ್ದಕ್ಕೂ ಥೋರಾ ಆ ಪಾತ್ರೆಯನ್ನು ಎದೆಗವಚಿಕೊಂಡು ನಡೆದಳು. ಆಲೂಗಡ್ಡೆಯ ಮೇಲಿನ ಹೊಟ್ಟೆಕಿಚ್ಚು ಆರಿತ್ತು, ನಿಜ. ಅದರ ಜಾಗದಲ್ಲಿ ಇನ್ನೊಂದು ಹೊತ್ತಿಕೊಂಡಿತ್ತು, ಮೊದಲಿನದಕ್ಕಿಂತ ಜೋರಾಗಿ. ನೆಡ್ರಾಳ ಕೈಯಲ್ಲಿ ಇವಳಿಗಿಲ್ಲದ ರುಚಿಯೇನೂ ಇರಲಿಲ್ಲ. ಗುಂಡಿ ಮುಚ್ಚಿ ಬರುವವನು ಹಸಿದಿರುತ್ತಾನೆ ಎಂಬ ನೆನಪು ಇತ್ತು. ತನ್ನ ಗಂಡನ ಹಸಿವು, ಮೂವತ್ತೊಂದು ವರ್ಷ, ಬೇರೊಬ್ಬಳ ನೆನಪಿನಲ್ಲಿತ್ತು! ಆಲೂಗಡ್ಡೆಯಾದರೆ ಕಲಿಯಬಹುದಿತ್ತು. ಇದನ್ನು ಯಾವ ಅಳತೆಯಿಂದ ತುಂಬುವುದು?

ಭಾನುವಾರ ಚರ್ಚಿನಿಂದ ಬಂದವಳು ಆ ಚಕ್ಕೆ ಎದ್ದ ಪಾತ್ರೆಯಲ್ಲೇ ಮಾಡಿದಳು. ಎರಡು ಲೋಟ ತುರಿ, ನಾಲ್ಕು ಚಮಚ ಸೂಪು, ಎರಡು ಚಮಚ ಹುಳಿಗೆನೆ, ಒಂದು ಮುಷ್ಟಿ ಚೀಸ್. ಬೆಂದ ಮೇಲೆ ತೆಗೆಯಲಿಲ್ಲ. ಓವನ್ನಿನ ಬಿಸಿ ಇಳಿಸಿ ಒಳಗೇ ಬಿಟ್ಟು, ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತಳು. ಒಳ್ಳೆಯ ಅಡುಗೆ ಕಣ್ಣೆದುರೇ ಕೆಡುವುದನ್ನು ನೋಡುವುದು ಅವಳಿಗೆ ಸುಲಭವಾಗಿರಲಿಲ್ಲ. ಎರಡು ಸಲ ಕೈ ಬಾಗಿಲ ಹಿಡಿಗೆ ಹೋಯಿತು, ಎರಡು ಸಲವೂ ಹಿಂದಕ್ಕೆ ಎಳೆದುಕೊಂಡಳು. ಅಂಚು ಕಂದಿತು, ಚೀಸಿನ ದಾರ ಬಿಗಿದು ಚರ್ಮವಾಯಿತು, ನಾಲ್ಕು ಮೂಲೆಯೂ ಕಡುಕೆಂಪಾಗಿ ಒಳಕ್ಕೆ ಮುದುಡಿಕೊಂಡವು. ಎರಡು ಗಂಟೆ ಕಳೆದ ಮೇಲೆ ತೆಗೆದಳು.

ಎಲ್ಡನ್ ದೇವರಿಗೆ ವಂದನೆ ಹೇಳಿ, ಒಂದು ಮೂಲೆ ಮುರಿದು ಬಾಯಿಗಿಟ್ಟ. ಅಗಿದ. ಅಗಿಯುತ್ತಲೇ ಇದ್ದ. ಆಮೇಲೆ ಎರಡನೆಯ ಮೂಲೆಗೆ ಕೈಹಾಕಿದ.

"ಇದೇ ಕಣೇ," ಎಂದ ಬಾಯಿ ತುಂಬಿಕೊಂಡು. "ಇದೇ! ನೆಡ್ರಾ ಬಂದಿದ್ಲಾ?"

ಥೋರಾ ಚಮಚ ಒರೆಸುತ್ತ ನಿಂತಿದ್ದಳು. ನಾನೇ ಮಾಡಿದ್ದು ಎನ್ನುವುದು ಎಷ್ಟು ಸುಲಭ! ಸುಳ್ಳೂ ಅಲ್ಲ. ಆ ಮಾತು ತುದಿನಾಲಿಗೆಗೆ ಬಂದು ಕೂತಿತ್ತು. ಆದರೆ ಬೆಳಿಗ್ಗೆಯಷ್ಟೇ ಪ್ರಾರ್ಥನೆಯಲ್ಲಿ, ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ, ಹಲ್ಲು ಕಚ್ಚಿ ಆ ಹೆಸರು ಹೇಳಿದ್ದಳು.

"ಮಾಡಿದ್ದು ನಾನು," ಎಂದಳು. "ನಿಂಗೇಂತ ಎತ್ತಿಡೋದನ್ನ ಹೇಳಿಕೊಟ್ಟಿದ್ದು ಅವಳು."

"ಎತ್ತಿಡೋದು ಅಂದ್ರೆ?"

"ಸುಮ್ನೆ ತಿನ್ನು. ಬಾಯಿ ತುಂಬ ಇಟ್ಕೊಂಡು ಮಾತಾಡ್ಬೇಡ."

ಎಲ್ಡನ್ ನಕ್ಕು ಮೂರನೆಯ ಮೂಲೆ ಮುರಿದ.

ಸೋಮವಾರ ಎರಡು ಸಲ ಮಾಡಿದಳು. ಮಂಗಳವಾರ ಆಸ್ಪತ್ರೆಯ ತಕ್ಕಡಿ ಒಂದೂವರೆ ಪೌಂಡ್ ಹೆಚ್ಚು ತೋರಿಸಿತು. ಕೊಳವೆಯ ಮಾತನ್ನು ಡಾಕ್ಟರು ಎತ್ತಲಿಲ್ಲ. ಏನು ಕೊಟ್ಟಿರಿ ಎಂದು ಕೇಳಿದಾಗ, "ಒಣಗಿದ ಆಲೂಗಡ್ಡೆ," ಎಂದ ಎಲ್ಡನ್, ಹೆಮ್ಮೆಯಿಂದ.

ಬುಧವಾರ ಥೋರಾ ಪೇಟೆಯಲ್ಲಿ ಅದೇ ಅಳತೆಯ ಒಂದು ಹೊಸ ಗಾಜಿನ ಪಾತ್ರೆ ಕೊಂಡು, ಬೆನ್ನಿಗೆ ಅಂಟುಪಟ್ಟಿ ಹಚ್ಚಿ ತನ್ನ ಹೆಸರು ಬರೆದಳು. ನೆಡ್ರಾಳದನ್ನು ಹಿಂದಿರುಗಿಸಬೇಕು. ಬೇರೆಯವರ ಪಾತ್ರೆಯನ್ನು ಆ ಊರಲ್ಲಿ ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಹೊಸದರಲ್ಲಿ ಆಲೂಗಡ್ಡೆ ಮಾಡಿ, ಎರಡು ಗಂಟೆ ಒಣಗಲು ಬಿಟ್ಟು, ನಡುವಿನ ಮೆತ್ತನೆಯ ಭಾಗವನ್ನು ಜೋಪಾನವಾಗಿ ಕತ್ತರಿಸಿ ನೆಡ್ರಾಳ ಪಾತ್ರೆಗೆ ತುಂಬಿದಳು. ತಾನೇ ನಡೆದು ಹೋಗಿ ಕೊಟ್ಟು ಬಂದಳು. ಈ ಸಲ ಕೂರು ಎಂದಾಗ ಐದು ನಿಮಿಷ ಕೂತಳು ಕೂಡ.

ಅವಳು ಮನೆ ಸೇರಿ ಕೋಟು ಬಿಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಥೋರಾ, ರುಚಿ ಚೆನ್ನಾಗಿದೆ ಕಣೇ, ನಿಂದು ಅಂದ ಮೇಲೆ ಕೇಳಬೇಕಾ," ಎಂದಳು ನೆಡ್ರಾ. "ಆದ್ರೆ ಇದರಲ್ಲಿ ಒಂದು ಮೂಲೇನೂ ಇಲ್ವಲ್ಲ?"

ಥೋರಾ ಒಳಕ್ಕೆ ನೋಡಿದಳು. ಕಿಟಕಿಯ ಬಳಿ ಎಲ್ಡನ್ ಹೊಸ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ತಳ ಗೀರುತ್ತಿದ್ದ.

"ಮೂಲೆಗಳೆಲ್ಲ ನಮ್ಮನೇವು," ಎಂದು ಫೋನು ಇಟ್ಟಳು.