ಕಿವಿಯೊಳಗಿನ ಬಟಾಣಿ

ಟ್ಯಾಕ್ಸಿ ಮೆಕ್ಸಿಕೋ ನಗರದ ಇಸ್ತಪಲಾಪ ಬಡಾವಣೆಯ ಏರುರಸ್ತೆಗೆ ತಿರುಗಿದ್ದೇ ಎಲ್ವೀರಾ ಕೂದಲನ್ನು ಹಿಂದಕ್ಕೆ ಸರಿಸಿ, ಎಡಗಿವಿಯನ್ನು ಕೂಕಾಳ ಕಡೆಗೆ ಒಡ್ಡಿದಳು.

"ಇಲ್ಲೇ ಹಾಕ್ಬಿಡು. ಆ ಹುಡುಗಿ ಮುಂದೆ ಬೇಡ."

ಕೂಕಾ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದು, ಅದರೊಳಗಿದ್ದ ಕಾಳಿನಷ್ಟು ಗಾತ್ರದ ಯಂತ್ರವನ್ನು ಕರವಸ್ತ್ರದಿಂದ ಒರೆಸಿ, ಆ ಕಿವಿಯೊಳಗೆ ಕೂರಿಸಿದಳು. ಸ್ಟುಡಿಯೋದಲ್ಲಿ ಅದನ್ನು ಎಲ್ಲರೂ ಬಟಾಣಿ ಎಂದೇ ಕರೆಯುತ್ತಿದ್ದರು. ಮೇಲೆ ಕೂದಲನ್ನು ಮುಚ್ಚಿ, ಅಂಗೈಯಲ್ಲಿದ್ದ ಮೈಕಿನ ಗುಂಡಿ ಒತ್ತಿ ಪಿಸುಗುಟ್ಟಿದಳು.

"ಕೇಳಿಸ್ತಾ ಮೇಡಂ?"

"ಪಕ್ಕದಲ್ಲೇ ಕೂತ್ಕೊಂಡು ಕೇಳ್ತಿದ್ದೀಯಲ್ಲ, ಕೇಳಿಸ್ದೆ ಇರುತ್ತಾ?"

ಡ್ರೈವರ್ ಕನ್ನಡಿಯಲ್ಲಿ ಇಬ್ಬರನ್ನೂ ನೋಡುತ್ತಿದ್ದ. ನಟಿ ಎಲ್ವೀರಾ ಸೊಂತೊಯೊಳ ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಇಪ್ಪತ್ತು ವರ್ಷದ ಹಿಂದಾಗಿದ್ದರೆ ಅವನು ಬಾಡಿಗೆ ಬೇಡವೆಂದು ಕೈ ಮುಗಿಯುತ್ತಿದ್ದ.

ಮೆಕ್ಸಿಕೋದ ಧಾರಾವಾಹಿಗಳಲ್ಲಿ ಮಾತನ್ನು ಬಾಯಿಪಾಠ ಮಾಡುವ ರೂಢಿ ಇರಲಿಲ್ಲ. ದಿನಕ್ಕೊಂದು ಕಂತು ಮುಗಿಯಬೇಕು, ಮಾತು ಬರೆದ ಹಾಳೆಗಳು ಬೆಳಿಗ್ಗೆ ಇನ್ನೂ ಬಿಸಿಯಾಗಿರುವಾಗಲೇ ಬಂದು ಬೀಳುತ್ತಿದ್ದವು, ಪಾಠ ಮಾಡಲು ಪುರುಸೊತ್ತೆಲ್ಲಿ? ಗಾಜಿನ ಗೂಡಿನಲ್ಲಿ ಕೂತು ಕೂಕಾ ಒಂದೊಂದು ಸಾಲನ್ನೂ ಮೈಕಿನಲ್ಲಿ ಓದುತ್ತಿದ್ದಳು. ಅದು ಬಟಾಣಿಯಿಂದ ನಟರ ಕಿವಿಗೆ ಬೀಳುತ್ತಿತ್ತು. ಅವರು ಅದನ್ನೇ ಆಡುತ್ತಿದ್ದರು. ಬರೀ ಮಾತಲ್ಲ. ತಿರುಗಿ, ಎರಡು ಹೆಜ್ಜೆ ಇಡಿ, ನಿಟ್ಟುಸಿರು ಬಿಡಿ, ಈಗ ಅಳಿ, ಎಲ್ಲವೂ ಅವಳದೇ ಅಪ್ಪಣೆ. ಹೊಸಬರು ತಡವರಿಸಿ, ಕಿವಿಗೆ ಬಿದ್ದದ್ದನ್ನು ನುಂಗಿಕೊಂಡು ಗೋಡೆ ನೋಡುತ್ತ ನಿಂತುಬಿಡುತ್ತಿದ್ದರು. ಎಲ್ವೀರಾ ಹಾಗಲ್ಲ. ಕೂಕಾಳ ದನಿ ಕಿವಿಗೆ ಬಿದ್ದದ್ದಕ್ಕೂ ಅವಳ ಬಾಯಿ ತೆರೆದದ್ದಕ್ಕೂ ನಡುವೆ ಒಂದು ಕೂದಲು ಹಿಡಿಸುವಷ್ಟೂ ಜಾಗ ಇರುತ್ತಿರಲಿಲ್ಲ. ಅರ್ಥ ಆಮೇಲೆ ತಲೆಗೆ ಹೋಗುತ್ತದೆ, ಮೊದಲು ನಾಲಿಗೆಗೆ ಬರುತ್ತದೆ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಅದೆಂಥ ಕಾಲ! ಸಂಜೆ ಐದಾದರೆ ಬೀದಿಯಲ್ಲಿ ನಾಯಿ ಬಿಟ್ಟು ಬೇರೆ ಜೀವ ಕಾಣುತ್ತಿರಲಿಲ್ಲ. ಇಸ್ತ್ರಿ ಮಾಡುವವರು ಇಸ್ತ್ರಿಪೆಟ್ಟಿಗೆಯನ್ನು ಟಿವಿ ಮುಂದಕ್ಕೆ ತರುತ್ತಿದ್ದರು, ಹೊಟ್ಟೆನೋವೆಂದು ಬಂದವರನ್ನು ಡಾಕ್ಟರು ಆರಾದ ಮೇಲೆ ಬನ್ನಿ ಎನ್ನುತ್ತಿದ್ದರು. ಎಲ್ವೀರಾ ದೊಡ್ಡಮನೆಯ ಮೆಟ್ಟಿಲಿನ ಮೇಲೆ ವಿಧವೆ ಲಿಯೊನೋರ್ ಆಗಿ ನಿಂತು ಒಂದು ಮಾತಾಡಿದರೆ ಮಾರನೆಯ ದಿನ ಮಾರುಕಟ್ಟೆಯಲ್ಲಿ ತರಕಾರಿ ಮಾರುವವಳ ಬಾಯಲ್ಲೂ ಅದೇ ಮಾತು. ಟೊಮೇಟೊ ಆರಿಸುತ್ತ ಅದನ್ನು ಕೇಳಿಸಿಕೊಳ್ಳುವುದು ಕೂಕಾಳಿಗೆ ಯಾರಿಗೂ ಹೇಳದ ಸುಖವಾಗಿತ್ತು.

ಈಗ ಐದು ಗಂಟೆಗೆ ಯಾರೂ ಯಾರಿಗೂ ಕಾಯುವುದಿಲ್ಲ. ಎಲ್ಲರ ಕೈಯಲ್ಲೂ ಫೋನು, ಫೋನಿನಲ್ಲಿ ತಮ್ಮ ತಮ್ಮ ಅಡುಗೆಮನೆಯಲ್ಲೇ ಕೂತು ಮಾತಾಡುವ ಹುಡುಗ ಹುಡುಗಿಯರು. ಕಂಪನಿ ಎಲ್ವೀರಾಳ ಕರಾರು ಮುಂದುವರಿಸಲಿಲ್ಲ. ಕೂಕಾಳಿಗೆ ಒಂದು ಊಟ ಹಾಕಿ ಕಳಿಸಿದರು. ಸೌಂಡಿನವನು ಹಳೆಯ ಮೈಕು, ಬಟಾಣಿ ಎರಡನ್ನೂ ಅವಳ ಚೀಲಕ್ಕೆ ತುರುಕಿ, "ಇಟ್ಕೊಳಿ ಕೂಕಮ್ಮಾ, ಇಲ್ಲಿದ್ರೆ ಕಸಕ್ಕೆ ಹೋಗುತ್ತೆ" ಅಂದಿದ್ದ. ಅಲ್ಲಿಂದೀಚೆ ಸಂದರ್ಶನ, ಸನ್ಮಾನ, ಸತ್ತ ನಟರ ಸ್ಮರಣೆಯ ಪೂಜೆ, ಎಲ್ಲಿಗೆ ಕರೆದರೂ ಎಲ್ವೀರಾ ಕೂಕಾಳಿಗೆ ಫೋನು ಮಾಡುತ್ತಿದ್ದಳು. ಆ ಕರೆಗಳೂ ಈಗ ಅಪರೂಪ. ಲೋಕದಲ್ಲಿ ಕೂಕಾಳ ದನಿಗೆ ಉಳಿದಿದ್ದ ಕಿವಿ ಅದೊಂದೇ. ಅದೂ ಬೇಡವೆಂದರೆ ತಾನು ಬೆಳಿಗ್ಗೆ ಎದ್ದು ಯಾರಿಗೆ ಏನು ಹೇಳಬೇಕು ಎಂಬುದು ಅವಳಿಗೆ ತೋಚುತ್ತಿರಲಿಲ್ಲ.

ಇವತ್ತು ಎಲ್ವೀರಾಳನ್ನು ಮಾತಿಗೆ ಕರೆದಿದ್ದ ಹುಡುಗಿ ಯಾರೆಲಿಯ ಮನೆ ಇಳಿಜಾರಿನಲ್ಲಿತ್ತು. ಅವಳ ಸ್ಟುಡಿಯೋ ಎಂದರೆ ಆ ಮನೆಯ ತಾರಸಿ. ಒಂದು ಕಡೆ ಕಪ್ಪು ನೀರಿನ ಟ್ಯಾಂಕು, ಅಡ್ಡಕ್ಕೆ ಒಗೆದ ಬಟ್ಟೆಯ ಹಗ್ಗ, ನಡುವೆ ಒಲೆ, ಮೇಜು, ಒಣಮೆಣಸಿನಕಾಯಿಯ ತಟ್ಟೆ. ಇಪ್ಪತ್ತಾರರ ಹುಡುಗಿ, ತಲೆಗೂದಲು ಅರ್ಧ ನೀಲಿ. ಅಡುಗೆ ಮಾಡುತ್ತ ಯಾರನ್ನಾದರೂ ಕೂರಿಸಿಕೊಂಡು ಹರಟುತ್ತಾಳೆ, ಅಷ್ಟೆ. ಅದನ್ನು ಲಕ್ಷಗಟ್ಟಲೆ ಜನ ನೋಡುತ್ತಾರೆ. ಅವಳನ್ನು ಸಾಕಿದ ಅಜ್ಜಿ ಚೋಲೆ ಮೆಟ್ಟಿಲ ತುದಿಯಲ್ಲೇ ಕಾಯುತ್ತಿದ್ದಳು. ಎಲ್ವೀರಾಳನ್ನು ಕಂಡದ್ದೇ ಏಪ್ರನ್ನಿಗೆ ಕೈ ಒರೆಸಿಕೊಂಡು, ಅವಳ ಕೈ ಹಿಡಿಯಲೋ ಬೇಡವೋ ಎಂದು ನಿಂತಳು.

"ಲಿಯೊನೋರಮ್ಮಾ, ನಿಮ್ ಮದ್ವೆ ದಿನ ನಾನು ಕೆಲಸದ ಮನೆ ಯಜಮಾನ್ರ ಅಂಗಿ ಸುಟ್ಟುಹಾಕ್ದೆ. ಇಸ್ತ್ರಿಪೆಟ್ಗೆ ಎತ್ತೋದೇ ಮರ್ತೋಯ್ತು. ಅವ್ರೂ ಅಳ್ತಾ ಕೂತಿದ್ರು, ಬೈಲೇ ಇಲ್ಲ."

ಎಲ್ವೀರಾ ದೊಡ್ಡಮನೆಯ ವಿಧವೆಯಂತೆಯೇ ಕೈ ಚಾಚಿದಳು. ಚೋಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ.

"ಪ್ರಶ್ನೆಗಳು ಯಾವ್ಯಾವುದು ಅಂತ ಮೊದ್ಲೇ ಕೊಟ್ಟಿದ್ರೆ ಚೆನ್ನಾಗಿತ್ತು," ಅಂದಳು ಕೂಕಾ.

"ಪ್ರಶ್ನೆಗಳೇ ಇಲ್ವಲ್ಲ ಆಂಟಿ," ಯಾರೆಲಿ ನಕ್ಕಳು. "ಏನ್ ಬಾಯಿಗ್ ಬರುತ್ತೋ ಅದು. ನೀವು ಮೇಡಂ ಜೊತೆ ಬಂದಿರೋರಾ? ಅಲ್ಲಿ ಟ್ಯಾಂಕ್ ಹತ್ರ ನೆರಳಿದೆ, ಆರಾಮಾಗಿ ಕೂತ್ಕೊಳಿ."

ಕೂಕಾಳಿಗೂ ಅದೇ ಬೇಕಿತ್ತು. ಟ್ಯಾಂಕಿನ ಹಿಂದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಒಣಹಾಕಿದ ಎರಡು ದುಪ್ಪಟಿಗಳ ಸಂದಿಯಿಂದ ಮೇಜು ಕಾಣುವಂತೆ ಕೂತಳು. ಗಂಟಲು ಸರಿಮಾಡಿಕೊಂಡಳು. ಹಳೆಯ ಗಾಜಿನ ಗೂಡಿನ ವಾಸನೆಯೇ ಮೂಗಿಗೆ ಬಂದಂತಾಗಿ ಅವಳಿಗೆ ಬಹಳ ಸಂತೋಷವಾಯಿತು.

ಯಾರೆಲಿ ಫೋನನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈ ತೊಳೆದು, ಯಾವ ಸೂಚನೆಯೂ ಇಲ್ಲದೆ ಮಾತು ಶುರುಮಾಡಿದಳು. ನೇರಪ್ರಸಾರ ಹೀಗೂ ಶುರುವಾಗುತ್ತದೆಯೇ ಎಂದು ಕೂಕಾ ಗಾಬರಿಯಾಗಿ ಗುಂಡಿ ಒತ್ತಿದಳು. ತಮಾಲ್ ಎಂಬ ಕಡುಬಿಗಾಗಿ ಮುಸುಕಿನ ಜೋಳದ ಸಿಪ್ಪೆಯ ಮೇಲೆ ಹಿಟ್ಟು ಬಳಿಯುತ್ತ ಹುಡುಗಿ ಕೇಳಿದಳು.

"ಮೇಡಂ, ನಿಮಗೆ ತಮಾಲ್ ಮಾಡಕ್ಕೆ ಬರುತ್ತಾ?"

ಕೂಕಾ ಪಿಸುಗುಟ್ಟಿದಳು. ಎಲ್ವೀರಾಳ ಗಲ್ಲ ಮೇಲೆದ್ದಿತು. "ನಮ್ಮಮ್ಮನ ಕೈಯಲ್ಲಿ ಯಾವಾಗಲೂ ಜೋಳದ ಹಿಟ್ಟಿನ ವಾಸನೆ ಇರುತ್ತಿತ್ತು. ಇಂದಿಗೂ ಹಬ್ಬ ಬಂದರೆ, ಆ ಕೈಗಳನ್ನೇ ಹುಡುಕುತ್ತೇನೆ."

"ಅಯ್ಯೋ ದೇವ್ರೇ, ಎಷ್ಟ್ ಚೆನ್ನಾಗ್ ಹೇಳಿದ್ರಿ," ಅಂದಳು ಯಾರೆಲಿ. ಫೋನಿನ ಮೇಲೆ ಒಂದೆರಡು ಹೃದಯದ ಚಿತ್ರಗಳು ತೇಲಿದವು. ಆದರೆ ಹುಡುಗಿಯ ಕಣ್ಣು ಫೋನಿನ ಮೂಲೆಗೆ ಹೋಗಿಬಂದದ್ದನ್ನು ಕೂಕಾ ಗಮನಿಸಿದಳು. ನೋಡುವವರ ಸಂಖ್ಯೆ ಇಳಿಯುತ್ತಿರಬೇಕು. ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ಅಷ್ಟೇ ಸೊಗಸಾದ ಉತ್ತರಗಳು ಹೋದವು. ಯಾರೆಲಿ ತಮಾಷೆ ಮಾಡಿದರೆ ಎಲ್ವೀರಾ ಒಂದು ಕ್ಷಣ ಸುಮ್ಮನಿದ್ದು ನಗುತ್ತಿದ್ದಳು, ಏಕೆಂದರೆ ಕೂಕಾ "ನಗಿ" ಅನ್ನಬೇಕಿತ್ತು.

ಚೋಲೆ ಬಂದದ್ದು ಅದೇ ಹೊತ್ತಿಗೆ. ಟ್ಯಾಂಕಿನ ಹಿಂದೆ ಕೂತವಳನ್ನು ಬರಿಬಾಯಲ್ಲಿ ಬಿಡುವುದೇ? ಸೀಬೆಹಣ್ಣು ಹಾಕಿ ಕಾಯಿಸಿದ ಜೋಳದ ಗಂಜಿಯ ಲೋಟ ಒಂದು ಕೈಯಲ್ಲಿ, ಬೆಲ್ಲದ ತುಂಡು ಇನ್ನೊಂದರಲ್ಲಿ. ಬಾಗಿ, ಗುಟ್ಟು ಹೇಳುವಂತೆ ಕೇಳಿದಳು.

"ಬೆಲ್ಲ ಹಾಕ್ಲಾ?"

"ಬೆಲ್ಲ ಬೇಡಮ್ಮಾ," ಅಂದಳು ಕೂಕಾ. "ನಂಗೆ ಸಕ್ಕರೆ ಕಾಯ್ಲೆ. ಡಾಕ್ಟ್ರು ಬೈತಾರೆ."

ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು ಅದು. ಗಾಜಿನ ಗೂಡಿಗೆ ಯಾರೂ ಗಂಜಿ ತಂದುಕೊಟ್ಟಿರಲಿಲ್ಲ. ಸರಿಯಾಗಿ ಆಗಲೇ ಮೇಜಿನ ಬಳಿ ಯಾರೆಲಿ ಕೈಯ ಹಿಟ್ಟನ್ನೂ ಮರೆತು ಕೇಳಿದ್ದಳು.

"ಮೇಡಂ, ಆ ಮದುವೆ ಸೀನಲ್ಲಿ ಮದುಮಗನ್ನ ಬಿಟ್ಟು ಹೊರಟ್ರಲ್ಲ, ನಿಜ ಹೇಳಿ, ನಿಮಗೆ ಒಳಗೆ ಏನನ್ನಿಸ್ತು?"

ಎಲ್ವೀರಾ ಕಣ್ಣೆತ್ತಿ ಆಕಾಶ ನೋಡಿದಳು. ಒಂದು ಕೈ ಎದೆಗೆ ಹೋಯಿತು. ಮೂಗಿನ ಹೊಳ್ಳೆ ನಡುಗಿತು.

"ಬೆಲ್ಲ ಬೇಡಮ್ಮಾ," ಅಂದಳು, ಎದೆ ಬಿರಿಯುವಂಥ ದನಿಯಲ್ಲಿ. "ನಂಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೈತಾರೆ."

ಯಾರೆಲಿ ಬಿದ್ದೂ ಬಿದ್ದೂ ನಕ್ಕಳು. ಮೇಜು ಅಲುಗಿತು, ಮೆಣಸಿನಕಾಯಿ ಕೆಳಗೆ ಚೆಲ್ಲಿತು. ಆಡಿದ್ದೇನೆಂದು ಎಲ್ವೀರಾಳ ತಲೆಗೆ ಹೋದದ್ದು ಆಮೇಲೆ. ಅವಳ ಮುಖದ ಬಣ್ಣ ಇಳಿಯುವುದು ದುಪ್ಪಟಿಯ ಸಂದಿಯಿಂದಲೂ ಕಂಡಿತು. ಅದನ್ನು ನೋಡಿ ಹುಡುಗಿಯ ನಗುವೂ ನಿಂತಿತು.

"ಮೇಡಂ, ಹುಷಾರಾಗಿದ್ದೀರಾ? ಯಾರ ಹತ್ರ ಮಾತಾಡಿದ್ರಿ?"

ಕೂಕಾ ಮೈಕನ್ನು ತುಟಿಗೊತ್ತಿಕೊಂಡಳು. "ನಗಿ ಮೇಡಂ. ತಮಾಷೆಗೆ ಅಂದೆ ಅನ್ನಿ. ಈಗಿನ ನಾಯಕಿಯರಿಗೆ ಪ್ರೇಮದ ಕಾಯಿಲೆ ಇಲ್ಲ, ಸಕ್ಕರೆದೇ ಅನ್ನಿ." ಒಳ್ಳೆಯ ಸಾಲು. ಅದನ್ನು ಆಡಿದ್ದರೆ ಮಾನ ಉಳಿಯುತ್ತಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಎಲ್ವೀರಾ ಆಡಲಿಲ್ಲ. ಕೂಕಾ ಇನ್ನೊಮ್ಮೆ ಹೇಳಿದಳು. ಎಲ್ವೀರಾ ಕೂದಲನ್ನು ಸರಿಸಿ, ಎರಡು ಬೆರಳಲ್ಲಿ ಬಟಾಣಿಯನ್ನು ತೆಗೆದು, ಹಿಟ್ಟಿನ ತಟ್ಟೆಯ ಅಂಚಿಗೆ ಇಟ್ಟಳು.

"ಮೇಡಂ," ಅನ್ನುತ್ತಿತ್ತು ತಟ್ಟೆ, ಸೊಳ್ಳೆಯ ದನಿಯಲ್ಲಿ. "ಮೇಡಂ, ತಮಾಷೆಗೆ ಅಂದೆ ಅನ್ನಿ."

ಯಾರೆಲಿ ಬಗ್ಗಿ ತಟ್ಟೆಗೆ ಕಿವಿಯಿಟ್ಟಳು. ಕೂಕಾ ಹೆಬ್ಬೆರಳು ತೆಗೆದಳು.

ಕೆಳಗೆ ಬೀದಿಯಲ್ಲಿ ಗ್ಯಾಸಿನವನು ಕೂಗಿಕೊಂಡು ಹೋದ. ಟಿವಿಯಲ್ಲಿ ಇಷ್ಟು ಹೊತ್ತು ಮೌನ ಬಿದ್ದಿದ್ದರೆ ನಿರ್ದೇಶಕನಿಗೆ ಎದೆನೋವು ಬರುತ್ತಿತ್ತು. ಈ ಹುಡುಗಿ ಮಾತ್ರ ಕೈ ಕಟ್ಟಿ ಸುಮ್ಮನೆ ಕೂತಳು.

"ನಂಗೆ ಅಡುಗೆ ಬರಲ್ಲ," ಅಂದಳು ಎಲ್ವೀರಾ. ದನಿ ಒರಟಾಗಿತ್ತು, ಮೆಕ್ಸಿಕೋದ ಉತ್ತರ ಭಾಗದವರ ಮಾತಿನ ಎಳೆತ ಅದರಲ್ಲಿತ್ತು. ಆ ಎಳೆತವನ್ನು ಕೂಕಾ ಎಂದೋ ತಿದ್ದಿ ಹಾಕಿದ್ದಳು. "ನಮ್ಮಮ್ಮಂಗೂ ಬರ್ತಿರ್ಲಿಲ್ಲ. ಅವ್ಳು ಬಟ್ಟೆ ಅಂಗಡೀಲಿ ಕೆಲಸಕ್ಕಿದ್ಳು. ಅದೆಲ್ಲ ನನ್ ಮಾತಲ್ಲ ಮಗಳೇ. ಆ ಟ್ಯಾಂಕಿನ ಹಿಂದೆ ಒಬ್ಳು ಕೂತಿದಾಳೆ. ಕೂಕಾ ಅಂತ. ಮೂವತ್ತು ವರ್ಷದಿಂದ ನಾನು ಏನ್ ಆಡಿದ್ರೂ ಮೊದ್ಲು ಅವ್ಳು ಆಡಿರ್ತಿದ್ಳು."

ಚೋಲೆ ಲೋಟ ಹಿಡಿದುಕೊಂಡೇ ಕೂಕಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಮತ್ತೆ ಆ ಮದುವೆ?" ಯಾರೆಲಿ ಮೆಲ್ಲಗೆ ಕೇಳಿದಳು.

"ಮದುವೇನಾ..." ಎಲ್ವೀರಾ ಹಣೆ ಉಜ್ಜಿಕೊಂಡಳು. "ನಂಗೇನೂ ಅನ್ನಿಸ್ಲಿಲ್ಲ. ಚಪ್ಲಿ ಕಚ್ತಾ ಇತ್ತು. ಯಾವಾಗಪ್ಪಾ ಮುಗಿಯುತ್ತೆ ಅಂತಿದ್ದೆ. ಬಾಗ್ಲವರೆಗೂ ಹೋದೆ, ಈಗ ಇವ್ಳು 'ಅಳಿ' ಅನ್ನಬೇಕು. ಅನ್ಲೇ ಇಲ್ಲ. ಕಾಯ್ತೀನಿ, ಕಾಯ್ತೀನಿ, ಕಿವೀಲಿ ಬರೀ ಉಸಿರು. ಆಮೇಲ್ ಗೊತ್ತಾಯ್ತು, ಆ ಗಾಜಿನ ಗೂಡಲ್ಲಿ ಕೂತು ಇವ್ಳೇ ಅಳ್ತಾ ಇದ್ಳು. ಅದನ್ನ ಕೇಳಿ ನಂಗೂ ಅಳು ಬಂತು. ಆಮೇಲ್ ನೀವೆಲ್ಲ ಅತ್ರಿ."

ಚೋಲೆ ಏಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಂಡಳು. "ಹಂಗಾರೆ ಆ ಅಂಗಿ ಸುಡಿಸ್ದೋಳು ನೀನೇ," ಅಂದಳು ಕೂಕಾಳಿಗೆ, ಪಿಸುಮಾತಿನಲ್ಲಿ.

"ಕೂಕಾ ಆಂಟಿ, ಬನ್ನಿ ಇಲ್ಲಿ," ಯಾರೆಲಿ ದುಪ್ಪಟಿಯ ಕಡೆಗೆ ಕೈ ಬೀಸಿದಳು. "ನೋಡ್ತಿರೋರೆಲ್ಲ ಕೇಳ್ತಿದಾರೆ ನಿಮ್ಮನ್ನ."

ಕೂಕಾ ಕೈಯಾಡಿಸಿ ಬೇಡವೆಂದಳು. ತನಗಾದದ್ದು ಹೊಟ್ಟೆಕಿಚ್ಚೋ ಹೆಮ್ಮೆಯೋ ಅವಳಿಗೇ ತಿಳಿಯಲಿಲ್ಲ. ಯಾರೆಲಿ ಒತ್ತಾಯ ಮಾಡಲಿಲ್ಲ. ಎಲ್ವೀರಾಳ ಕಡೆ ಒಂದು ಜೋಳದ ಸಿಪ್ಪೆ ತಳ್ಳಿ, "ಬರದಿದ್ರೆ ಕಲೀರಿ, ಹಿಟ್ಟು ತೆಳ್ಳಗೆ ಬಳೀರಿ, ಹಾಗೇ ಮಾತಾಡಿ," ಅಂದಳು. ಎಲ್ವೀರಾ ಹಿಟ್ಟು ಬಳಿಯತೊಡಗಿದಳು. ಬಟ್ಟೆ ಅಂಗಡಿಯ ಅಮ್ಮನ ವಿಷಯ ಹೇಳಿದಳು. ಮಾತು ಕುಂಟುತ್ತಿತ್ತು, ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು. ಒಂದು ಕಡೆ ಪೂರ್ತಿ ನಿಂತುಹೋದಳು. "ನಮ್ಮಮ್ಮ ಬಟ್ಟೆ ಅಳೆಯೋವಾಗ ಅವ್ಳ ತೋಳು..." ಮುಂದಿನ ಪದ ಕೂಕಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೆಬ್ಬೆರಳು ಗುಂಡಿಯನ್ನು ಹುಡುಕಿತು. ಬಟಾಣಿ ತಟ್ಟೆಯಲ್ಲೇ ಬಿದ್ದಿತ್ತು.

"...ಬಾಗ್ಲು ತೆಗೆದ ಹಾಗೆ," ಅಂದಳು ಎಲ್ವೀರಾ.

ಕೂಕಾ ಹೇಳಿಕೊಡಬೇಕೆಂದಿದ್ದ ಪದ ಅದಾಗಿರಲಿಲ್ಲ. ಅದಕ್ಕಿಂತ ಚೆನ್ನಾಗಿತ್ತು. ಅವಳು ಮೈಕನ್ನು ಮಡಿಲಲ್ಲಿಟ್ಟುಕೊಂಡು, ಚೋಲೆ ಕೊಟ್ಟ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬಿಸಿಲು ಟ್ಯಾಂಕನ್ನು ದಾಟಿ ಪಾದದ ಹತ್ತಿರ ಬಂದಿತ್ತು. ಮೇಜಿನ ಬಳಿ ಎಲ್ವೀರಾ ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಆಡುತ್ತಿದ್ದಳು. ದುಪ್ಪಟಿಯ ಈಚೆ ಕೂಕಾಳ ತುಟಿಗಳು ಅರೆಕ್ಷಣ ತಡವಾಗಿ, ಸದ್ದಿಲ್ಲದೆ, ಅದೇ ಮಾತುಗಳನ್ನು ಆಡಿಕೊಳ್ಳುತ್ತಿದ್ದವು.