ಕಾಲು ತಾಗಿದರೆ

ಮೊಮ್ಮಗಳು ಸ್ನೇಹಲಳ ಟ್ರೇನಿಂಗ್ ಮುಗಿದು ಸರ್ಟಿಫಿಕೇಟು ಬಂದ ದಿನ ನಾನು ಅದನ್ನೇ ಲೈಸೆನ್ಸು ಎಂದು ತಿಳಿದು ಚಾಳಿನ ನಾಲ್ಕು ಮನೆಗೆ ಪೇಡೆ ಹಂಚಿಬಿಟ್ಟೆ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇಂಗ್ಲಿಷ್ ಕಾಗದಗಳೆಲ್ಲ ಒಂದೇ. ಆಮೇಲೆ ಅವಳೇ ಎದುರಿಗೆ ಕೂತು ತಿಳಿಸಿ ಹೇಳಿದಳು. ಘಾಟ್ಕೋಪರದಲ್ಲಿ ಆರು ತಿಂಗಳು ಕಲಿತದ್ದಕ್ಕೆ ಕೊಟ್ಟದ್ದು ಸರ್ಟಿಫಿಕೇಟು. ಆಂಬ್ಯುಲೆನ್ಸಿನಲ್ಲಿ ಹೋಗಿ ಬಿದ್ದವರ ಮೈಗೆ ಕೈ ಹಚ್ಚಬೇಕಾದರೆ ಬೇರೆ ಪರೀಕ್ಷೆ ಕೊಡಬೇಕು. ಬರೆಯುವುದು ಒಂದು, ಮಾಡಿ ತೋರಿಸುವುದು ಒಂದು. ಎರಡರಲ್ಲೂ ಪಾಸಾದರೆ ಲೈಸೆನ್ಸು.

ಬರೆಯುವುದರಲ್ಲಿ ಅವಳು ಪಾಸಾದಳು. ಮಾಡಿ ತೋರಿಸುವುದರಲ್ಲಿ ನಪಾಸಾದಳು.

ಕಾರಣ ಒಂದೇ ಸಾಲು ಬರೆದು ಕೊಟ್ಟಿದ್ದರು. ಕೈಗವಸು ತೊಟ್ಟ ಕೈಯನ್ನು ಎರಡು ಸಲ ತನ್ನ ಮುಖಕ್ಕೆ ಮುಟ್ಟಿಸಿಕೊಂಡಿದ್ದಾಳೆ, ಎಂದು. ಪೇಷಂಟಿನ ರಕ್ತ ಹತ್ತಿದ ಕೈ ಕಣ್ಣಿಗೆ ಹೋದರೆ ಅವನ ರೋಗ ಇವಳಿಗೂ ಬರುತ್ತದಂತೆ. ಆ ಒಂದು ತಪ್ಪಾದರೆ ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಜನವಿಲ್ಲ. ನಾನು ಮುಟ್ಟಿಕೊಂಡೇ ಇಲ್ಲ, ಅವರು ಬೇರೆ ಯಾರನ್ನೋ ನೋಡಿ ನನ್ನ ಹೆಸರಿನ ಮುಂದೆ ಬರೆದಿದ್ದಾರೆ ಎಂದು ಸ್ನೇಹಲ ಎರಡು ದಿನ ಅತ್ತಳು. ಅಳುವ ಹುಡುಗಿಯಲ್ಲ ಅವಳು. ಹದಿನೈದು ದಿನಕ್ಕೆ ದಾದರದ ಅದೇ ಸೆಂಟರಿನಲ್ಲಿ ಇನ್ನೊಂದು ಅವಕಾಶವಿತ್ತು. ಅದೂ ಹೋದರೆ ಮೊದಲಿನಿಂದ ಆರು ತಿಂಗಳು ಕಲಿಯಬೇಕು, ಅಷ್ಟರಲ್ಲಿ ಆಂಬ್ಯುಲೆನ್ಸಿನವರು ಇವಳಿಗೆಂದು ಇಟ್ಟ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ.

ನನ್ನ ಮಗ ಶಶಿಕಾಂತ, ಸೊಸೆ ಶೈಲಾ ಇಬ್ಬರೂ ಬೆಳಗಿನ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗುವವರು. ಹಗಲು ಮನೆಯಲ್ಲಿ ಇರುವವರು ನಾನು ಮತ್ತು ಇವಳು. ನನ್ನನ್ನೇ ಪೇಷಂಟು ಮಾಡಿಕೊ ಎಂದೆ. ಚಾಪೆ ಹಾಸಿ ಮಲಗಿದೆ. ಅವಳು ಕೈಗವಸು ತೊಟ್ಟು, ಜಾಗ ಸುರಕ್ಷಿತ ಇದೆ, ನಾನು ಟ್ರೇನಿಂಗ್ ಆದವಳು, ನಿಮ್ಮನ್ನು ಮುಟ್ಟಬಹುದೇ, ಉಸಿರು ನೋಡುತ್ತೇನೆ, ನಾಡಿ ನೋಡುತ್ತೇನೆ ಎಂದು ಜೋರಾಗಿ ಹೇಳುತ್ತ ಮಾಡತೊಡಗಿದಳು. ಹೇಳುತ್ತಲೇ ಮಾಡಬೇಕು, ಪರೀಕ್ಷೆಯ ನೇಮ ಹಾಗೆ.

ನನ್ನ ಬಲಗಡೆಯಿಂದ ಎಡಗಡೆಗೆ ಬರಬೇಕಾದರೆ ನನ್ನ ಕಾಲಿಗೂ ಕಬ್ಬಿಣದ ಕಪಾಟಿಗೂ ನಡುವೆ ಗೇಣು ಜಾಗ. ಹಾಯುವಾಗ ಅವಳ ಕಾಲಿನ ಹೆಬ್ಬೆರಳು ನನ್ನ ಪಾದದ ಹರಡಿಗೆ ತಾಗಿತು. ಕೂಡಲೇ ಅವಳ ಕೈ ಬಗ್ಗಿ ನನ್ನ ಹರಡು ಮುಟ್ಟಿತು, ಮೇಲೆ ಹೋಗಿ ಅವಳ ಎರಡೂ ಕಣ್ಣಿಗೆ ಒತ್ತಿಕೊಂಡಿತು. ಬಾಯಿ ಮಾತ್ರ ನಿಲ್ಲಲಿಲ್ಲ. ರಕ್ತ ಎಲ್ಲಿಯೂ ಸೋರುತ್ತಿಲ್ಲ ಎಂದು ಹೇಳುತ್ತಲೇ ಇದ್ದಳು.

ಮುಖ ಮುಟ್ಟಿಕೊಂಡೆಯಲ್ಲ ಎಂದೆ. ಸಿಟ್ಟಿಗೆದ್ದಳು.

“ನೀನೂ ಹಂಗ ಅಂತಿ ಕ್ಯಾ ಅಜ್ಜಾ? ನಾ ಎಲ್ಲಿ ಮುಟ್ಟೀನಿ?”

ಮತ್ತೊಮ್ಮೆ ಮಾಡು ಎಂದೆ. ಮಾಡಿದಳು. ಮತ್ತೆ ಕಾಲು ತಾಗಿತು, ಮತ್ತೆ ಕೈ ಕಣ್ಣಿಗೆ ಹೋಯಿತು, ಮತ್ತೆ ಅವಳಿಗೆ ಗೊತ್ತೇ ಆಗಲಿಲ್ಲ. ಇವತ್ತಿಗೆ ಸಾಕು ಎಂದು ಎದ್ದು ಚಾಪೆ ಸುತ್ತಿಟ್ಟೆ.

ಯಾಕೆಂದರೆ ಅದನ್ನು ಕಲಿಸಿದವನು ನಾನು. ಅವಳಿಗೆ ನಾಲ್ಕು ವರ್ಷ ಆಗ. ನನ್ನ ಹೆಂಡತಿ ರುದ್ರವ್ವ ಜಡ್ಡಿನಲ್ಲಿ ಮಲಗಿದ್ದಳು. ಈ ಹುಡುಗಿ ಓಡಿ ಬಂದು ಅವಳ ಬೆನ್ನು ತುಳಿದು ಹಾಗೇ ಹೋಗಿಬಿಟ್ಟಿತು. ಕಿವಿ ಹಿಡಿದು ಕರೆತಂದೆ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಮರೆತರೆ ಊಟ ಇಲ್ಲ ಎಂದೆ. ಹತ್ತು ಫೂಟಿನ ಖೋಲಿಯಲ್ಲಿ ಐದು ಜನ ಮಲಗಿ ಏಳುವವರಿಗೆ ದಿನಕ್ಕೆ ನೂರು ಸಲ ಒಬ್ಬರ ಕಾಲು ಒಬ್ಬರಿಗೆ ತಾಗುತ್ತದೆ. ಅಷ್ಟೂ ಸಲ ಮುಟ್ಟಿ ಒತ್ತಿಕೊಂಡರೇ ಅಲ್ಲಿ ಒಬ್ಬರಿಗೊಬ್ಬರ ಮರ್ಯಾದೆ ಉಳಿಯುವುದು. ಅವಳು ಎಷ್ಟು ಚೆನ್ನಾಗಿ ಕಲಿತಳೆಂದರೆ ಲೋಕಲಿನಲ್ಲಿ ಗುರುತಿಲ್ಲದವರಿಗೆ ಕಾಲು ತಾಗಿದರೂ ಬಗ್ಗಿ ಮುಟ್ಟುತ್ತಿದ್ದಳು. ಜನ ಹೊಗಳಿದಾಗ ನಾನು ಮೀಸೆ ತೀಡಿಕೊಂಡದ್ದೂ ಉಂಟು.

ಮರುದಿನ ಅವಳಿಗೆ ಹೇಳಿದೆ. ಮೊದಲು ನಕ್ಕಳು. ಆಮೇಲೆ ಪರೀಕ್ಷೆಯಲ್ಲಿ ಪೇಷಂಟಾಗಿ ಮಲಗಿದವನು ಒಬ್ಬ ಮುದುಕ ಎಂಬುದು ನೆನಪಾಗಿ ಅವಳ ಮುಖ ಸಣ್ಣದಾಯಿತು.

ಉಪಾಯ ಮಾಡಿದೆವು. ಅರಿಶಿನ ಕಲಸಿ ಕೈಗವಸಿಗೆ ಹಚ್ಚುವುದು. ಕೈ ಮುಖಕ್ಕೆ ಹೋದರೆ ಗುರುತು ಬೀಳುತ್ತದೆ. ಮೊದಲ ದಿನ ಅವಳ ಹುಬ್ಬು, ರೆಪ್ಪೆ, ಮೂಗು ಎಲ್ಲ ಹಳದಿ. ಬಾಜೂ ಮನೆಯ ನೀಲಾವತಿ ಸಕ್ಕರೆ ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಏನ ಗುರಲಿಂಗಜ್ಜಾ, ಅರಿಷಿಣಾ ಹಚ್ಚಾಕ ಸುರು ಮಾಡೀರಿ, ವರ ಎಲ್ಲ್ಯಾನ?”

ವರ ಇನ್ನೂ ದಾದರದಲ್ಲಿ ಇವಳ ಪರೀಕ್ಷೆ ಮಾಡಲು ಕೂತಿದ್ದಾನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಸಂಜೆಯೊಳಗೆ ಚಾಳಿನಲ್ಲೆಲ್ಲ ಸ್ನೇಹಲಳಿಗೆ ದಾದರದ ಹುಡುಗ ಗೊತ್ತಾಗಿದ್ದಾನೆ ಎಂದು ಸುದ್ದಿಯಾಯಿತು.

ವಾರ ಕಳೆಯಿತು. ದಿಂಬನ್ನು ಮಲಗಿಸಿ ಮಾಡಿದರೆ ಅವಳ ಮುಖ ಸ್ವಚ್ಛ. ನಾನು ಮಲಗಿದರೆ ಒಂದಾದರೂ ಹಳದಿ ಗುರುತು. ಬೇಕೆಂತಲೇ ಕಾಲು ತಾಗಿಸಿ ರೂಢಿ ಮಾಡಿಕೊಳ್ಳಲಿ ಎಂದು, ನನ್ನ ಹೆಗಲ ಮೇಲೆ ಕಾಲಿಟ್ಟು ನೂರು ಎಣಿಸು ಎಂದೆ. ಆಗಲೇ ನೀಲಾವತಿ ಮತ್ತೆ ಬರಬೇಕೆ? ಮದುವೆ ಆಗುವ ಹುಡುಗಿ, ಹಿರಿಯರ ಹೆಗಲು ತುಳಿಯುತ್ತಾಳೆ, ಈ ಮುದುಕನೋ ಸುಖವಾಗಿ ಮಲಗಿ ಎಣಿಕೆ ಕೇಳುತ್ತಾನೆ ಎಂದು ಇಬ್ಬರನ್ನೂ ಬೈದು ಹೋದಳು. ಸ್ನೇಹಲ ಹನ್ನೆರಡರ ತನಕ ಎಣಿಸಿದ್ದಳು. ಕಾಲು ತೆಗೆದು ಕೈಗವಸು ಕಳಚಿ ಕೂತುಬಿಟ್ಟಳು.

“ತಲಿಗೆ ಗೊತ್ತೈತಿ ಅಜ್ಜಾ, ಕೈಗೆ ಗೊತ್ತಿಲ್ಲ. ನಿನಗ ಕಾಲು ತಾಗಿದರ ಈ ರೂಢಿ ನನ್ನಿಂದ ಬಿಡಾಕ ಆಗಂಗಿಲ್ಲ. ಛೋಡ್ ದೋ, ಬಿಟ್ಟುಬಿಡು.”

ಪರೀಕ್ಷೆಗೆ ನಾಲ್ಕೇ ದಿನ. ಚಹಾ ಇಟ್ಟೆ. ಅವಳು ಕುಡಿಯಲಿಲ್ಲ. ನಾನು ಕುಡಿಯುತ್ತ ಕೂತೆ. ಹಳೆಯದೊಂದು ನೆನಪಾಯಿತು.

ಮೂವತ್ತೊಂದು ವರ್ಷ ಕುರ್ಲಾ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿದವನು ನಾನು. ಗಾಡಿಯಿಂದ ಯಾರಾದರೂ ಬಿದ್ದರೆ ಸ್ಟೇಷನ್ ಮಾಸ್ತರು ಮೊದಲು ಕರೆಯುತ್ತಿದ್ದದ್ದು ಹಮಾಲರನ್ನು. ಸ್ಟ್ರೆಚರು ತೆಗೆದುಕೊಂಡು ಓಡಬೇಕು, ಎತ್ತಿ ಹಾಕಬೇಕು, ದವಾಖಾನೆಗೆ ಮುಟ್ಟಿಸಬೇಕು. ಎಷ್ಟು ಜನರನ್ನು ಎತ್ತಿದೆನೋ. ಒಂದು ಸಲ ಒಬ್ಬ ಹೆಂಗಸು, ತರಕಾರಿ ಮಾರುವವಳು, ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಿದ್ದಿದ್ದಳು. ತೊಡೆ ಮುರಿದಿತ್ತು. ನಾನು ಕಂಕುಳಿಗೆ ಕೈ ಹಾಕಿದೆ. ನೋವಿನಲ್ಲೂ ಅವಳು ನನ್ನ ಕೈ ತಡೆದು, “ಅರೇ ದಾದಾ, ವಿಚಾರೂನ್ ತರೀ ಉಚಲ್” ಎಂದಳು. ಕೇಳಿಯಾದರೂ ಎತ್ತು, ಎಂದು. ನಾನು ಮೂಟೆ ಎತ್ತಿದ ಹಾಗೆ ಮನುಷ್ಯರನ್ನು ಎತ್ತುತ್ತಿದ್ದೆ ಎಂದು ಆವತ್ತು ಗೊತ್ತಾಯಿತು. ಕೇಳಿದೆ. ಹೂಂ ಎಂದಳು. ಆಮೇಲೆ ಎಷ್ಟು ನೋವಾದರೂ ಅವಳು ನನ್ನ ಕೈ ತಡೆಯಲಿಲ್ಲ. ಗಡಿಬಿಡಿಯಲ್ಲಿ ನನ್ನ ಮೊಣಕಾಲು, ಪಾದ ಎಲ್ಲ ಅವಳಿಗೆ ತಾಗಿದ್ದವು. ಆಗ ಇಬ್ಬರ ಲಕ್ಷ್ಯಕ್ಕೂ ಅದು ಬರಲಿಲ್ಲ.

ಇದನ್ನು ಸ್ನೇಹಲಳಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಒಂದು ವಿಷಯ ಹೊಳೆಯಿತು.

“ನೀ ಸುರುವಿಗೆ ಮುಟ್ಟಬಹುದೇನ್ರಿ ಅಂತ ಕೇಳತಿಯಲ್ಲವಾ, ಅದನ್ನ ಪಾಠಾ ಒಪ್ಪಿಸಿದಂಗ ಕೇಳತಿ. ನನ್ನ ಮಾರಿ ಸೈತ ನೋಡೂದಿಲ್ಲ. ಅಪ್ಪಣಿ ತಗೋಳಾರದ ಮುಟ್ಟತಿ, ಅದಕ್ಕ ಕೈ ಹಿಂದಿಂದ ತಪ್ಪಾತು ಅಂತ ಕೇಳಾಕ ಹೊಂಟೈತಿ. ಮೊದಲ ಸರಿಯಾಗಿ ಕೇಳು. ನಾ ಹೂಂ ಅಂದ ಮ್ಯಾಲ ನಿನ್ನ ಕಾಲಿನ ತಪ್ಪೂ ನಂದ.”

ಅವಳು ಕಪ್ಪು ಎತ್ತಿಕೊಂಡಳು. ತಣ್ಣಗಾದ ಚಹಾ ಕುಡಿದಳು. ಹೊಸ ಕೈಗವಸು ತೊಟ್ಟು, ಅರಿಶಿನ ಹಚ್ಚಿಕೊಂಡು, ಚಾಪೆಯ ಹತ್ತಿರ ಮೊಣಕಾಲೂರಿ ಕೂತಳು. ಹಿಂದಿಯಲ್ಲಿ ಕೇಳಿದಳು. ನಾನು ಕಣ್ಣು ತೆರೆಯಲಿಲ್ಲ. ಮತ್ತೆ ಕೇಳಿದಳು. ಬಾಯಿ ಬಿಡಲಿಲ್ಲ. ಮೂರನೇ ಸಲ ಬಗ್ಗಿ, ನನ್ನ ಮುಖದ ಹತ್ತಿರ ಮುಖ ತಂದು, ನಮ್ಮ ಮಾತಿನಲ್ಲಿ ಕೇಳಿದಳು.

“ಅಜ್ಜಾ, ನಾ ಸ್ನೇಹಲ. ನಿನಗ ಮುಟ್ಟಲೇನು?”

ನನ್ನನ್ನು ಹಾಗೆ ಯಾರೂ ಯಾವತ್ತೂ ಕೇಳಿರಲಿಲ್ಲ. ಪೇಷಂಟು ಅಳಬಾರದೆಂದು ನೇಮವೇನೂ ಇಲ್ಲವಲ್ಲ. ಮುಟ್ಟವ್ವಾ ಎಂದೆ.

ಉಸಿರು ನೋಡಿದಳು, ಕುತ್ತಿಗೆ ನೋಡಿದಳು. ಎಡಗಡೆಗೆ ಹಾಯುವಾಗ ಅಂಗಾಲು ಪೂರ್ತಿ ನನ್ನ ಮೊಣಕಾಲಿಗೆ ಬಡಿಯಿತು. ಅವಳ ಕೈ ಎದ್ದಿತು. ಎದ್ದ ಕೈ ಗಾಳಿಯಲ್ಲಿ ಒಂದು ಚಣ ನಿಂತು, ಇಳಿದು ನನ್ನ ಮುಂಗೈ ಹಿಡಿದು ನಾಡಿ ಎಣಿಸತೊಡಗಿತು. ಆ ದಿನ ಹಳದಿ ಬಿದ್ದದ್ದು ನನ್ನ ಮುಂಗೈಗೆ ಮಾತ್ರ. ಮತ್ತೆ ಮೂರು ದಿನ ಅದನ್ನೇ ಮಾಡಿದೆವು, ದಿನಕ್ಕೆ ಹತ್ತು ಸಲ, ಹದಿನೈದು ಸಲ. ನನ್ನ ಬೆನ್ನು ನೆಲಕ್ಕೆ ಹತ್ತಿ ಹತ್ತಿ ಮರಗಟ್ಟಿತು.

ಪರೀಕ್ಷೆಯ ದಿನ ದಾದರಕ್ಕೆ ನಾನೂ ಹೋದೆ. ಒಳಗೆ ಬಿಡಲಿಲ್ಲ. ಎದುರಿನ ಹೂವಿನ ಅಂಗಡಿಯವನು ಸ್ಟೂಲು ಕೊಟ್ಟ. ಅವನ ಅರ್ಧ ಬುಟ್ಟಿ ಚೆಂಡುಹೂವು ನಾನೇ ಪೋಣಿಸಿಕೊಟ್ಟೆ. ಮಧ್ಯಾಹ್ನ ಎರಡಕ್ಕೆ ಅವಳು ಹೊರಗೆ ಬಂದು ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಳು. ಈ ಸಲವೂ ಮುದುಕನೇ ಇದ್ದನಂತೆ. ಬೆಳಗಿನಿಂದ ಮಲಗಿ ಮಲಗಿ ಬೇಸತ್ತವನು. ಇವಳು ಬಗ್ಗಿ ಮುಖ ನೋಡಿ ಕೇಳಿದಾಗ ಕಣ್ಣು ಬಿಟ್ಟು, ಹಾಂ ಬೇಟಾ, ಇಷ್ಟು ಹೊತ್ತಿನಲ್ಲಿ ನನ್ನ ಉತ್ತರಕ್ಕೆ ಕಾದವಳು ನೀನೊಬ್ಬಳೇ ಎಂದನಂತೆ. ಕಾಲು ತಾಗಿತೇ ಎಂದು ಕೇಳಿದೆ.

“ಲಗಾ ಹೋಗಾ ಅಜ್ಜಾ, ತಾಗಿರಬೇಕ. ನಂಗ ಗೊತ್ತಾಗಲಿಲ್ಲ.”

ಗುರುವಾರ ಫೋನಿನಲ್ಲಿ ರಿಸಲ್ಟು ಬಂತು. ಪಾಸು. ಶಶಿಕಾಂತ ಅದನ್ನು ಮೂರು ಸಲ ಓದಿಸಿ ಕೇಳಿದ. ಶೈಲಾ ದೇವರ ಮುಂದೆ ದೀಪ ಹಚ್ಚಿದಳು. ಈ ಸಲ ಲೈಸೆನ್ಸಿನ ಕಾಗದ ಕೈಗೆ ಬರುವ ತನಕ ನಾನು ಯಾರಿಗೂ ಏನೂ ಹಂಚಲಿಲ್ಲ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಡ್ಯೂಟಿ. ಬೆಳಿಗ್ಗೆ ಆರಕ್ಕೆ ಹೊಸ ಯೂನಿಫಾರ್ಮು ತೊಟ್ಟು ಬ್ಯಾಗು, ನೀರಿನ ಬಾಟಲಿ ಹುಡುಕುತ್ತ ಖೋಲಿಯೊಳಗೆ ಓಡಾಡುತ್ತಿದ್ದಳು. ನಾನು ಗೋಡೆಗೆ ಒರಗಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದೆ. ಬಾಗಿಲಿಗೆ ಹೋಗುವ ಗಡಿಬಿಡಿಯಲ್ಲಿ ಅವಳ ಪಾದ ನನ್ನ ಪಾದಕ್ಕೆ ತಾಗಿತು. ಜೋರಾಗಿಯೇ ತಾಗಿತು. ಅವಳು ನಿಲ್ಲಲಿಲ್ಲ. ಬೂಟು ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಬಿಪಿ ಗುಳಿಗೆ ತಗೋ ಎಂದು ಕೆಳಗಿನಿಂದ ಕೂಗಿದ್ದು ಕೇಳಿಸಿತು.

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವಳು ಬಗ್ಗಿ ಮುಟ್ಟಲಿ ಎಂದು ನನ್ನ ಕಾಲು ತಾನಾಗಿ ಸ್ವಲ್ಪ ಮುಂದೆ ಬಂದು ಕಾಯುತ್ತಿತ್ತು. ಹದಿನೆಂಟು ವರ್ಷದ ರೂಢಿ ಅದಕ್ಕೂ ಇತ್ತಲ್ಲ. ಮೆಲ್ಲಗೆ ಮಡಚಿಕೊಂಡೆ. ಆಮೇಲೆ ಎದ್ದು ಗುಳಿಗೆ ನುಂಗಿದೆ.